ಹಗ್ಗದ ಮೇಲೆ ಕೆಂಪಿಲ್ಲ

ಪೇಷನ್ಸ್ ಹಿಲ್, ಜಮೈಕಾ
14 ಸೆಪ್ಟೆಂಬರ್ 1958

ವೆರೋನಾ, ನನ್ನ ತಮ್ಮನ ಮಗಳೇ,

ನಿನ್ನ ಯೂಡೋರಾ ಅತ್ತೆ ಮೊಣಕಾಲೊಂದನ್ನು ಬಿಟ್ಟು ಉಳಿದಂತೆ ಚೆನ್ನಾಗಿದ್ದಾಳೆ. ನೀನೂ ಆ ಚಳಿಯೂರಿನಲ್ಲಿ ಚೆನ್ನಾಗಿದ್ದೀಯೆಂದು ನಂಬಿದ್ದೇನೆ. ಹಿಂದಿನ ಪತ್ರದಲ್ಲಿ ನೀನು ಮೊದಲು ಮಂಜಿನ ವಿಷಯ ಬರೆದು, ಆಮೇಲೆ ನನ್ನ ಆರೋಗ್ಯ ವಿಚಾರಿಸಿದ್ದೆ. ಇಂಗ್ಲೆಂಡಿನವರು ಹಾಗೆ ಬರೆಯುತ್ತಾರೇನೋ. ನಮ್ಮ ಮನೆಯಲ್ಲಿ ಮೊದಲು ಮನುಷ್ಯರು, ಆಮೇಲೆ ಮಂಜು.

ನಿನ್ನಪ್ಪನನ್ನು ಮಣ್ಣು ಮಾಡಿ ಮೂರು ತಿಂಗಳಾಯಿತು. ಒಂಬತ್ತನೆಯ ದಿನದ ಜಾಗರಣೆಯನ್ನು ನಾನೇ ಮುಂದೆ ನಿಂತು ನಡೆಸಿದೆ. ಮೇಕೆ ಸಾರು, ಹುರಿದ ಮೀನು, ರಮ್ಮು, ಯಾವುದಕ್ಕೂ ಕೈ ಬಿಗಿ ಹಿಡಿಯಲಿಲ್ಲ. ಅವನ ಮಂಚವನ್ನು ತಿರುಗಿಸಿ ಹಾಕಿ, “ಅಲ್ವಾನ್, ಇನ್ನು ನಿನ್ ಜಾಗಕ್ಕೆ ನೀನು ಹೋಗಪ್ಪ” ಎಂದು ಬಾಗಿಲು ತೋರಿಸಿದವಳೂ ನಾನೇ. ಅಕ್ಕ ಮಾಡಬೇಕಾದ್ದನ್ನೆಲ್ಲ ನಾನು ಮಾಡಿದೆ. ಹೆಂಡತಿ ಮಾಡಬೇಕಾದ್ದನ್ನು ಮಾತ್ರ ನಿನ್ನಮ್ಮ ಮಾಡುತ್ತಿಲ್ಲ. ಸಿಸ್ಲಿನ್ ಕೆಂಪು ತೊಡುತ್ತಿಲ್ಲ.

ಗಂಡ ಸತ್ತವಳು ಒಳಗೆ ಕೆಂಪು ತೊಟ್ಟರೆ ತಾನೇ ಸತ್ತವನು ಹಾಸಿಗೆ ಹುಡುಕಿಕೊಂಡು ಬಾರದಿರುವುದು? ಇದನ್ನು ಅವಳಿಗೆ ಈ ವಯಸ್ಸಿನಲ್ಲಿ ಕಲಿಸಬೇಕೆ? ನಾನೇ ಕೆಂಪು ಬಟ್ಟೆ ತಂದು ಮೂರು ಚಡ್ಡಿ ಹೊಲಿದುಕೊಟ್ಟೆ. ಪ್ರತಿ ಸೋಮವಾರ ಅವಳು ಬಟ್ಟೆ ಒಣಹಾಕುವ ಹಗ್ಗ ನೋಡುತ್ತೇನೆ, ಬರೀ ಬಿಳಿ. ನಾನೊಬ್ಬಳೇ ಅಲ್ಲ, ಬೇಲಿಯಾಚೆ ಹಾದುಹೋಗುವ ಹೆಂಗಸರೆಲ್ಲ ನೋಡುತ್ತಾರೆ. ಊರಿನ ಹೆರಿಗೆಗಳನ್ನು ಮಾಡಿಸುವ, ಹೆಣಗಳನ್ನು ತೊಳೆಯುವ ಮಿಸ್ ಜೆಮೈಮ ಮೊನ್ನೆ ಬೇಲಿಗೆ ಒರಗಿ, “ಏನ್ ಯೂಡೋರಾ, ನಿನ್ ತಮ್ಮನ ಹೆಂಡ್ತಿ ಬಾಗ್ಲು ತೆಗೆದಿಟ್ಕೊಂಡೇ ಮಲಗ್ತಾಳಂತೆ?” ಎಂದಳು. ನನ್ನ ಮುಖ ಎಲ್ಲಿಡಲಿ?

ಹೋಗಿ ಕೇಳಿದೆ. “ಸಿಸ್ಲಿನ್, ನಾನು ಹೊಲಿದುಕೊಟ್ಟಿದ್ದು ಎಲ್ಲೇ?”

“ಪೆಟ್ಟಿಗೇಲಿದೆ ಅಕ್ಕ.”

“ಪೆಟ್ಟಿಗೆಗೇನು ಗಂಡ ಸತ್ತಿದ್ದಾನಾ?”

ಕಾಫಿ ಬೀಜ ಆರಿಸುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ. “ಬರೋದಾದ್ರೆ ಬರ್ಲಿ ಬಿಡಿ ಅಕ್ಕ. ಇಪ್ಪತ್ತೆಂಟು ವರ್ಷ ಪಕ್ಕದಲ್ಲಿ ಮಲಗಿದ್ದೋನು. ಈಗ ಕೆಂಪು ತೋರ್ಸಿ ಓಡಿಸ್ಲಾ?” ಎಂದಳು. ಇಂಥ ಹೆಂಗಸಿಗೆ ಏನು ಹೇಳುವುದು?

ಅವಳಿಗೆ ಓದು ಬಾರದೆಂದು ನಿನ್ನ ಪತ್ರಗಳನ್ನು ನಾನೇ ಓದಿ ಹೇಳುತ್ತೇನೆ. ನೀನೇ ಒಂದು ಮಾತು ಬರೆ. ನೀನು ನರ್ಸ್, ನಿನ್ನ ಮಾತಿಗೆ ಬೆಲೆಯಿದೆ. ಪಾಸ್ಟರು ಪ್ರತಿ ಭಾನುವಾರ “ನಮ್ಮ ನರ್ಸ್ ವೆರೋನಾ” ಎಂದು ಹೆಸರು ಹಿಡಿದು ಪ್ರಾರ್ಥಿಸುತ್ತಾರೆ. ಟೋಪಿ ಹಾಕಿಕೊಂಡ ಫೋಟೋ ಕಳಿಸು. ನಿನ್ನಮ್ಮ ಗೋಡೆಗೆ ಮೊಳೆ ಹೊಡೆದು ಕಾಯುತ್ತಿದ್ದಾಳೆ.

ನಿನ್ನ ಅತ್ತೆ,
ಯೂಡೋರಾ ಪಿನಾಕ್


ಬರ್ಮಿಂಗ್‌ಹ್ಯಾಮ್
5 ಅಕ್ಟೋಬರ್ 1958

ಪೂಜ್ಯ ಯೂಡೋರಾ ಅತ್ತೆಗೆ,

ನಿಮ್ಮ ಮೊಣಕಾಲು ಹೇಗಿದೆ? ನೋಡಿ, ಮೊದಲು ಮೊಣಕಾಲನ್ನೇ ಕೇಳಿದ್ದೇನೆ. ಇಲ್ಲಿ ನಾನು ಕ್ಷೇಮ. ಸೋಪಿನ ನೀರಿಗೆ ಕೈಗಳು ಬಿರುಕು ಬಿಟ್ಟಿವೆ. ಆಸ್ಪತ್ರೆಯ ಕೆಲಸವೆಂದರೆ ದಿನವಿಡೀ ಕೈ ತೊಳೆಯುವುದೇ.

ನಿಮ್ಮ ಪತ್ರ ಓದಿ ನಕ್ಕೆ, ಕ್ಷಮಿಸಿ. ಚಡ್ಡಿಯ ಬಣ್ಣ ನೋಡಿ ಹೆದರಿ ಓಡುವ ದೆವ್ವ ಎಂಥ ದೆವ್ವ? ಇಲ್ಲಿ ವಾರದಲ್ಲಿ ನಾಲ್ಕು ಜನ ಸಾಯುವುದನ್ನು ನೋಡುತ್ತೇನೆ. ಅವರ ಹೆಂಡತಿಯರು ಬೂದು ಬಣ್ಣದ ಕೋಟು ಹಾಕಿಕೊಂಡು ಬಸ್ಸು ಹತ್ತಿ ಹೋಗುತ್ತಾರೆ, ಯಾರ ಹಿಂದೆಯೂ ಯಾರೂ ಹೋದದ್ದು ಕಾಣೆ. ಅಮ್ಮನಿಗೆ ಇಷ್ಟವಾದ ಬಣ್ಣ ತೊಡಲು ಬಿಡಿ.

ಒಂದು ಮಾತು ಮಾತ್ರ. ಈ ಒಳಬಟ್ಟೆಯ ಪುರಾಣ ಇನ್ನು ಯಾರ ಪತ್ರದಲ್ಲೂ ಸಮುದ್ರ ದಾಟದಂತೆ ನೋಡಿಕೊಳ್ಳಿ. ಇಲ್ಲಿಯ ಚರ್ಚಿನ ಸಭೆಯಲ್ಲಿ ಅರ್ಧ ಜನ ನಮ್ಮ ಕಡೆಯವರೇ. ಲಿಂಡನ್ ಎಂಬ ಬಸ್ ಕಂಡಕ್ಟರು ನನ್ನನ್ನು ಮದುವೆಯಾಗಲು ಕೇಳಿದ್ದಾರೆ. ಅವರ ಚಿಕ್ಕಮ್ಮ ನಮ್ಮ ಪಟ್ಟಣದ ಆಸ್ಪತ್ರೆಯ ಎದುರು ಮನೆಯವರು, ಬಾಯಿ ತೆರೆದರೆ ಬೈಬಲ್ಲು. ಅವರ ಕಿವಿಗೆ ಇದು ಬೀಳುವುದು ನನಗೆ ಬೇಡ.

ಫೋಟೋ ಸದ್ಯಕ್ಕಿಲ್ಲ, ಟೋಪಿ ಇಸ್ತ್ರಿಗೆ ಹೋಗಿದೆ. ಅಮ್ಮನಿಗೆ ಒಂದು ಉಣ್ಣೆಯ ಶಾಲು ಕಳಿಸಿದ್ದೇನೆ, ಬೂದು ಬಣ್ಣದ್ದು. ಅದನ್ನೂ ಹಗ್ಗದ ಮೇಲೆ ನೋಡಿ ಅರ್ಥ ಹುಡುಕಬೇಡಿ.

ನಿಮ್ಮ
ವೆರೋನಾ


ಪೇಷನ್ಸ್ ಹಿಲ್
11 ಮೇ 1959

ವೆರೋನಾ,

ಕ್ರಿಸ್‌ಮಸ್ಸಿಗೆ ಒಂದು ಕಾರ್ಡು, ಅದರಲ್ಲಿ ಎರಡು ಸಾಲು. ಏಳು ತಿಂಗಳಿಗೆ ಅಷ್ಟೇ ನಿನ್ನ ಮರ್ಯಾದೆ. ಇರಲಿ, ನಾನು ಆರೋಗ್ಯವಾಗಿದ್ದೇನೆ ಎಂದು ನೀನು ಕೇಳದಿದ್ದರೂ ಹೇಳುತ್ತೇನೆ. ಇವತ್ತು ಬರೆಯುವುದು ಜಗಳಕ್ಕಲ್ಲ. ನಿನ್ನ ಓದು ನಮಗೆ ಬೇಕಾಗಿದೆ.

ನಿನ್ನಮ್ಮನಿಗೆ ಹೊಟ್ಟೆ ಬಂದಿದೆ. ಈಸ್ಟರಿನ ಹೊತ್ತಿಗೆ ಉಡುಪಿನಲ್ಲಿ ಮುಚ್ಚಿಡಬಹುದಿತ್ತು, ಈಗ ಆಗದು. ಐದು ತಿಂಗಳಿನಷ್ಟು ಕಾಣುತ್ತದೆ. ನಿನ್ನಪ್ಪ ಸತ್ತು ಹನ್ನೊಂದು ತಿಂಗಳು. ಲೆಕ್ಕ ನೀನೇ ಹಾಕಿಕೋ.

ನಾನು ನಾಲ್ಕು ಜನರ ಮುಂದೆ ತಲೆ ಎತ್ತಿ ಓಡಾಡಿದವಳು. ಈಗ ಚರ್ಚಿನ ಮೆಟ್ಟಿಲ ಮೇಲೆ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸುತ್ತಾರೆ. ಅವಳಿಗೋ ನಾಚಿಕೆಯ ಸುಳಿವೂ ಇಲ್ಲ. ದಾರಿಯಲ್ಲಿ ಎದುರಾದವರಿಗೆ ಒಂದು ಗುಡ್ ಮಾರ್ನಿಂಗ್ ಇಲ್ಲ. ಸೊಂಟದ ಮೇಲೆ ಕೈ, ನೆಲದ ಮೇಲೆ ಕಣ್ಣು, ರಾಣಿಯ ಹಾಗೆ ಮೆಲ್ಲಗೆ ಹೋಗುತ್ತಾಳೆ. ಎದುರಾದವರಿಗೆ ಬಾಯಿ ಬಿಟ್ಟು ಗುಡ್ ಮಾರ್ನಿಂಗ್ ಹೇಳದ ಮನುಷ್ಯ ನಮ್ಮೂರಿನಲ್ಲಿ ನಾಯಿಗಿಂತ ಕಡೆ. ನಾಯಿ ಬಾಲವನ್ನಾದರೂ ಆಡಿಸುತ್ತದೆ.

“ಯಾರ್ದೇ ಇದು?” ಎಂದು ಕೇಳಿದೆ.

“ಇನ್ಯಾರ್ದು ಅಕ್ಕ? ಅವ್ರದ್ದೇ” ಎಂದು ಅಲ್ವಾನನ ಕುರ್ಚಿ ತೋರಿಸಿದಳು. “ನಾನು ಬಾಗ್ಲು ಹಾಕ್ಕೊಳ್ಲಿಲ್ಲ, ಅವ್ರು ಬಂದ್ರು. ನನಗೆ ಗೊತ್ತಿತ್ತು ಬರ್ತಾರೆ ಅಂತ.” ಹಾಗೆ ಹೇಳುವಾಗ ಅವಳ ಮುಖ ನೋಡಬೇಕಿತ್ತು, ಮದುವೆಯ ದಿನವೂ ಅಷ್ಟು ಬೆಳಗಿರಲಿಲ್ಲ. ಕೂಸಿನ ಅಂಗಿ ಹೊಲಿಯುತ್ತಿದ್ದಾಳೆ, ನೀನು ಕಳಿಸಿದ ಶಾಲನ್ನು ಕತ್ತರಿಸಿ.

ಈಗ ಕೇಳು. ಸತ್ತ ಗಂಡ ಬಂದು ಮಲಗಿದರೆ ಹೊಟ್ಟೆಯಲ್ಲಿ ಕೂಸು ನಿಲ್ಲದು, ಗಡ್ಡೆ ನಿಲ್ಲುತ್ತದೆ. ಅದು ಸುಳ್ಳು ಬಸಿರು. ನನ್ನ ಚಿಕ್ಕಂದಿನಲ್ಲಿ ಇಬ್ಬರಿಗೆ ಆದದ್ದನ್ನು ಕಂಡಿದ್ದೇನೆ. ಮಿಸ್ ಜೆಮೈಮ ಹೊಟ್ಟೆ ಮುಟ್ಟಿ ನೋಡಿ, “ಮೂವತ್ತು ವರ್ಷ ಬಸುರೀರ ಹೊಟ್ಟೆ ಮುಟ್ಟಿರೋ ಕೈ ಇದು ಯೂಡೋರಾ. ಒಳಗಿರೋದು ಒದೀತಿಲ್ಲ” ಎಂದಳು. ಹಾಗಾದರೆ ತಪ್ಪು ನಿನ್ನಮ್ಮನದಲ್ಲ, ಅಲ್ವಾನನದು, ಕೆಂಪು ತೊಡದ ಮೊಂಡುತನದ್ದು. ಆಗ ಗುರುವಾರದ ಸಂತೆಯ ಲಾರಿಯಲ್ಲಿ ನಾನೇ ಅವಳನ್ನು ಪಟ್ಟಣದ ಆಸ್ಪತ್ರೆಗೆ ಕರೆದೊಯ್ದು ಅದನ್ನು ತೆಗೆಸುತ್ತೇನೆ. ನನ್ನ ತಮ್ಮನ ಹೆಂಡತಿ, ನನ್ನ ಹೊಣೆ.

ನಿಜವಾದ ಬಸಿರಾದರೆ ಅದು ಸತ್ತವನ ಕೆಲಸವಲ್ಲ. ಕ್ರಿಸ್‌ಮಸ್ಸಿಗೆ ಮುಂಚೆ ಅವಳ ಸೂರು ಸರಿಮಾಡಲು ಬಡಗಿ ಮಾಸ್ ಡಡ್ಲಿ ನಾಲ್ಕು ದಿನ ಬಂದಿದ್ದ, ಜನ ಅವನ ಹೆಸರು ಹೇಳುತ್ತಿದ್ದಾರೆ. ಹಾಗೇನಾದರೂ ಆದರೆ ಅವಳಿಗೆ ನನ್ನ ತಮ್ಮನ ಸೂರಿನ ಕೆಳಗೆ ಜಾಗವಿಲ್ಲ.

ಪಾಸ್ಟರು ಹೇಳಿದರು, “ಜೆಮೈಮ ಮಾತು ಬೇಡ, ಓದಿರೋಳು ಇದ್ದಾಳಲ್ಲ, ಅವಳನ್ನ ಕೇಳಿ.” ಅದಕ್ಕೇ ಕೇಳುತ್ತಿದ್ದೇನೆ. ನಿಜವೋ, ಸುಳ್ಳೋ? ನೀನು ಹೇಳಿದಂತೆ ನಡೆಯುತ್ತೇನೆ.

ಯೂಡೋರಾ ಅತ್ತೆ


ಬರ್ಮಿಂಗ್‌ಹ್ಯಾಮ್
24 ಮೇ 1959

ಅತ್ತೆ,

ನಿಮ್ಮ ಪತ್ರವನ್ನು ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಓದಿದೆ. ಮೈಯೆಲ್ಲ ಹೊತ್ತಿ ಉರಿಯಿತು.

ಸುಳ್ಳು ಬಸಿರು ಎಂಬುದಿಲ್ಲ. ವೈದ್ಯಶಾಸ್ತ್ರದಲ್ಲಿ ಅಂಥದ್ದೇ ಇಲ್ಲ. ಮುಟ್ಟು ನಿಂತು ಹೊಟ್ಟೆ ಬಂದರೆ ಅದು ಮಗು. ನಲವತ್ತೇಳರಲ್ಲಿ ಹೆರುವವರನ್ನು ನಮ್ಮ ವಾರ್ಡಿನಲ್ಲಿ ಎಷ್ಟೋ ಕಂಡಿದ್ದೇನೆ. ಈ ವಯಸ್ಸಿನಲ್ಲಿ ಮಗು ಕಡಿಮೆ ಒದೆಯುತ್ತದೆ, ಅಷ್ಟೆ. ಮಿಸ್ ಜೆಮೈಮ ಹೆಣ ತೊಳೆದುಕೊಂಡಿರಲಿ. ಇದು ನಿಜವಾದ ಬಸಿರು, ನರ್ಸ್ ಆಗಿ ಹೇಳುತ್ತಿದ್ದೇನೆ. ಸತ್ತವನ ಮೇಲೆ ಹಾಕಿದರೆ ಯಾರೂ ನಂಬುವುದಿಲ್ಲ, ನಾನಂತೂ ನಂಬುವುದಿಲ್ಲ.

ಆಸ್ಪತ್ರೆಗೆ ಕರೆದುಕೊಂಡು ಹೋಗಬೇಡಿ. ಕೈ ಮುಗಿದು ಕೇಳುತ್ತೇನೆ. ಎದುರು ಮನೆಯಲ್ಲಿ ಯಾರಿದ್ದಾರೆಂದು ನಿಮಗೆ ಗೊತ್ತು. ಡಿಸೆಂಬರಿನಲ್ಲಿ ನನ್ನ ಮದುವೆ. ಹೆರುವುದನ್ನು ಮನೆಯಲ್ಲೇ ಹೆರಲಿ.

ಇದರೊಳಗೆ ಅಮ್ಮನಿಗೆ ಬೇರೆ ಕಾಗದ ಇಟ್ಟಿದ್ದೇನೆ. ಓದಿ ಹೇಳಿ.

ವೆರೋನಾ

(ಒಳಗಿಟ್ಟ ಕಾಗದ)

ಅಮ್ಮ,

ನಿನ್ನ ಹೊಟ್ಟೆಯಲ್ಲಿರುವುದು ಮಗು. ಅಪ್ಪನದಲ್ಲ. ಯಾರದೆಂದು ನಿನಗೆ ಗೊತ್ತು, ನನಗೆ ಹೇಳಬೇಡ. ನೀನು ಮಾಡಿದ್ದು ಮಾಡಿಕೊಂಡೆ, ಅಪ್ಪನನ್ನು ಗೋರಿಯಿಂದ ಎಳೆದು ತಂದು ಅದರ ಮೇಲೆ ಹೊದಿಸುವುದನ್ನು ಮಾತ್ರ ಬಿಡು. ನನ್ನ ಮದುವೆ ಆಗುವವರೆಗೆ ನಿನ್ನ ಹೆಸರನ್ನು ಇಲ್ಲಿ ಯಾರ ಮುಂದೆಯೂ ಎತ್ತುವುದಿಲ್ಲ. ಫೋಟೋಗೆ ಕಾಯಬೇಡ. ಆ ಮೊಳೆ ಕಿತ್ತುಬಿಡು.

ವೆರೋನಾ


ಪೇಷನ್ಸ್ ಹಿಲ್
21 ಜೂನ್ 1959

ವೆರೋನಾ,

ನಿನ್ನ ಪತ್ರಕ್ಕೆ ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ನನ್ನ ಮೊಣಕಾಲೂ ಈಗ ಪರವಾಗಿಲ್ಲ. ಮನಸ್ಸು ಇತ್ಯರ್ಥವಾದರೆ ಮೈಯೂ ಕೇಳುತ್ತದೆ.

ನಿನ್ನಮ್ಮನಿಗೆ ಬರೆದ ಕಾಗದವನ್ನು ಅಂಗಳದಲ್ಲೇ ಓದಿದೆ. ಪಾಸ್ಟರಿದ್ದರು, ಮಿಸ್ ಜೆಮೈಮ ಇದ್ದಳು, ಬೇಲಿಯ ಬಳಿ ಇನ್ನೂ ಎಂಟು ಹತ್ತು ಜನ. ಮುಚ್ಚಿಟ್ಟು ಓದಿದರೆ ನಾನೇನೋ ಸೇರಿಸಿದೆ ಎನ್ನುತ್ತಾರೆ. ಅವಳು ಬ್ರೆಡ್‌ಫ್ರೂಟ್ ಮರ ಹಿಡಿದುಕೊಂಡು ನಿಂತು ಕೇಳಿದಳು. “ಹೊಟ್ಟೆಯಲ್ಲಿರುವುದು ಮಗು” ಎನ್ನುವುದು ಬಂದ ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಉಳಿದದ್ದು ಅವಳ ಕಿವಿಗೆ ಬಿತ್ತೋ ಇಲ್ಲವೋ ನಾನರಿಯೆ.

“ನೋಡಿದ್ರಾ?” ಎಂದು ಮಿಸ್ ಜೆಮೈಮಳಿಗೆ ಹೇಳಿದಳು. “ಒದೀತಿಲ್ಲ ಅಂದ್ರಿ. ನನ್ ಮಗಳು ನರ್ಸು. ಅವಳು ಮಗು ಅಂದ್ರೆ ಮಗುವೇ.” ಆಮೇಲೆ ನನ್ನ ಕಡೆ ತಿರುಗಿ, “ಇನ್ನೊಂದ್ಸಲ ಓದಿ ಅಕ್ಕ” ಎಂದಳು.

“ಏನನ್ನೇ? ಬೈದಿರೋದನ್ನಾ?”

“ಮೊದ್ಲಿಂದ. ‘ಅಮ್ಮ’ ಅಂದಿದ್ದಾಳಲ್ಲ, ಅಲ್ಲಿಂದ.”

ಅಂಗಳದಲ್ಲಿ ನಗು ಎದ್ದಿತು. ನಾನು ಓದಲಿಲ್ಲ.

ನೀನು ಹೇಳಿದಂತೆಯೇ ನಡೆಸಿದ್ದೇನೆ. ಪಾಸ್ಟರು ಅವಳನ್ನು ಹಾಡುವವರ ಸಾಲಿನಿಂದ ತೆಗೆದು, ಬಾಗಿಲ ಬಳಿಯ ಬೆಂಚಿಗೆ ಕಳಿಸಿದರು. ನಾನು ಅವಳ ಮಂಚವನ್ನು ಹಿತ್ತಲಿನ ಹಳೆಯ ಅಡುಗೆಮನೆಗೆ ಹಾಕಿಸಿದೆ. ತಗಡು ಅಲ್ಲಲ್ಲಿ ಸೋರುತ್ತದೆ. ಸೂರು ಸರಿಮಾಡಲು ಮಾಸ್ ಡಡ್ಲಿಯನ್ನು ಕರೆಯಲಿ ಎಂದು ಹೆಂಗಸರು ನಗುತ್ತಾರೆ. ಅವನು ಬರುವಂತಿಲ್ಲ, ಅವನ ಹೆಂಡತಿ ಬೀದಿಯಲ್ಲಿ ಬೊಬ್ಬೆ ಹಾಕಿದ ಮೇಲೆ ಊರು ಬಿಟ್ಟು ಹೋದ. ನಿನ್ನಮ್ಮ ಈಗ ಎಲ್ಲರಿಗೂ ಗುಡ್ ಮಾರ್ನಿಂಗ್ ಹೇಳುತ್ತಾಳೆ, ಹೊತ್ತು ಮುಳುಗುವಾಗಲೂ ಹೇಳುತ್ತಾಳೆ. ಈಗ ಯಾರೂ ತಿರುಗಿ ಹೇಳುವುದಿಲ್ಲ.

ಊಟ ಕಡಿಮೆ ಮಾಡಿದ್ದಾಳೆ. ಹಟ ಇರಬೇಕು.

ಯೂಡೋರಾ ಅತ್ತೆ


ಬರ್ಮಿಂಗ್‌ಹ್ಯಾಮ್
30 ಆಗಸ್ಟ್ 1959

ಪೂಜ್ಯ ಅತ್ತೆಗೆ,

ನೀವು ಆರೋಗ್ಯವೆಂದು ನಂಬಿದ್ದೇನೆ. ಕೆಲಸ ಹೆಚ್ಚಾಗಿ ಎರಡು ತಿಂಗಳು ಬರೆಯಲಾಗಲಿಲ್ಲ.

ಕೆಲವು ವಿಷಯ ತಿಳಿಸಿ. ಅಮ್ಮನ ಹೊಟ್ಟೆಯಲ್ಲಿ ಮಗು ಆಡುತ್ತದೆಯೇ? ಮುಖ ಇಳಿದಿದೆಯೇ? ಕಣ್ಣಿನ ಬಿಳಿ ಹಳದಿಯಾಗಿದೆಯೇ? ಕಾಲು ಊದಿದೆಯೇ? ರಕ್ತ ಕಾಣಿಸಿಕೊಂಡಿತೇ?

ನಾನು ಮುಂಚೆ ಹೇಳಿದ್ದು ತಪ್ಪೆಂದಲ್ಲ. ನರ್ಸುಗಳು ಎರಡು ಸಲ ವಿಚಾರಿಸುವುದು ವಾಡಿಕೆ. ಅನುಕೂಲವಾದರೆ, ಗುರುವಾರದ ಲಾರಿಯಲ್ಲಿ ಜಾಗವಿದ್ದರೆ, ಅವಳನ್ನು ಪಟ್ಟಣದ ಡಾಕ್ಟರಿಗೆ ಒಮ್ಮೆ ತೋರಿಸಬಹುದು. ಲಿಂಡನ್‌ನ ಚಿಕ್ಕಮ್ಮನ ವಿಷಯ ಬಿಡಿ. ಅವಸರವೇನಿಲ್ಲ. ಆದರೆ ಈ ಪತ್ರ ಕೈಸೇರಿದ ವಾರವೇ ಆದರೆ ಒಳ್ಳೆಯದು.

ಅಮ್ಮನಿಗೆ ನಾನು ವಿಚಾರಿಸಿದೆ ಎಂದು ಹೇಳಿ.

ವೆರೋನಾ


ಪೇಷನ್ಸ್ ಹಿಲ್
27 ಸೆಪ್ಟೆಂಬರ್ 1959

ವೆರೋನಾ, ಮಗಳೇ,

ಕುಳಿತುಕೊಂಡು ಓದು. ನಿನ್ನಮ್ಮ ಈ ತಿಂಗಳ ಎಂಟನೆಯ ತಾರೀಖು, ಮಂಗಳವಾರ ಮಧ್ಯಾಹ್ನ ತೀರಿಕೊಂಡಳು. ನಿನ್ನ ಪತ್ರ ಮರುದಿನ ಬಂತು. ಮಿಸ್ ಜೆಮೈಮ ಅವಳ ಮೈ ತೊಳೆಯುತ್ತಿದ್ದಳು, ನಾನು ಒದ್ದೆ ಕೈಯಲ್ಲೇ ಲಕೋಟೆ ಒಡೆದೆ. ತಂತಿ ಕೊಡಲಿಲ್ಲ. ಕೊಟ್ಟಿದ್ದರೂ ನೀನು ಹಡಗಿನಲ್ಲಿ ಬರುವಷ್ಟರಲ್ಲಿ ಗೋರಿಯ ಮೇಲೆ ಹುಲ್ಲು ಬೆಳೆಯುತ್ತಿತ್ತು.

ಭಾನುವಾರ ನೋವು ಶುರುವಾಯಿತು. ಹೆರಿಗೆಯೆಂದೇ ಎಲ್ಲರೂ ತಿಳಿದೆವು, ದಿನವೂ ತುಂಬಿತ್ತು. ಮಿಸ್ ಜೆಮೈಮ ಮೂರು ದಿನ ಪಕ್ಕದಲ್ಲೇ ಕುಳಿತಳು. ಸೊಪ್ಪಿನ ಕಷಾಯ ಕುಡಿಸಿದಳು, ಎಣ್ಣೆ ಹಚ್ಚಿ ತೀಡಿದಳು. ಏನೂ ಬರಲಿಲ್ಲ, ಬರಲು ಒಳಗೆ ಏನೂ ಇರಲಿಲ್ಲ. ಕೊನೆಗೆ ಮಿಸ್ ಜೆಮೈಮ ನನ್ನನ್ನು ಹೊರಗೆ ಕರೆದು, “ಮಗುವಲ್ಲ ಯೂಡೋರಾ. ಮೊದ್ಲೇ ಹೇಳಿದ್ದೆ” ಎಂದಳು. ಅವಳು ಅಳುತ್ತಿದ್ದಳು. ಅವಳು ಅತ್ತದ್ದನ್ನು ನಾನು ಎಂದೂ ನೋಡಿದವಳಲ್ಲ.

ನೀನು ಕೇಳಿದ್ದಕ್ಕೆಲ್ಲ ಹೌದು. ಕಣ್ಣು ಜೂನಿನಲ್ಲೇ ಹಳದಿಯಾಗಿತ್ತು. ಕಾಲು ಊದಿತ್ತು. ರಕ್ತವೂ ಇತ್ತು, ಹಗ್ಗದ ಮೇಲೆ ನೋಡಿದ್ದೆ. ತಪ್ಪು ಹಾದಿಯಲ್ಲಿ ಬಸಿರಾದವಳಿಗೆ ದೇವರು ಸುಲಭ ಮಾಡುವುದಿಲ್ಲ ಎಂದುಕೊಂಡೆ, ನಿನಗೆ ಬರೆಯಲಿಲ್ಲ. ಜುಲೈಯಲ್ಲಿ ಒಮ್ಮೆ ಮನಸ್ಸು ತಡೆಯದೆ ಲಾರಿ ನಿಲ್ಲಿಸಿ, “ಹತ್ತು, ಡಾಕ್ಟ್ರಿಗೆ ತೋರ್ಸೋಣ” ಎಂದೆ. ನೀನು ನನಗೆ ಬರೆದದ್ದನ್ನೂ ಓದಿ ಹೇಳಿದ್ದೆನಲ್ಲ, ಅವಳೇ ಹತ್ತಲಿಲ್ಲ. “ನರ್ಸಮ್ಮ ಬೇಡ ಅಂದಿದ್ದಾಳಲ್ಲ ಅಕ್ಕ. ಮನೇಲೇ ಹೆರಲಿ ಅಂತ ಬರ್ದಿದ್ದಾಳೆ. ಅವಳ ಮದ್ವೆಗೆ ಕೆಟ್ಟ ಹೆಸ್ರು ಬೇಡ” ಎಂದಳು.

ನಿನ್ನ ಕಾಗದವನ್ನು ಆಮೇಲೆ ನಾನು ಪ್ರತಿ ಭಾನುವಾರ ಓದಿ ಹೇಳಬೇಕಾಯಿತು. ಕೇಳುತ್ತಲೇ ಇದ್ದಳು, ನನಗೂ ಸಾಕಾಯಿತು. ಕೊನೆಯ ದಿನ ಬೆಳಿಗ್ಗೆಯೂ ಓದಿದೆ. ‘ಅಮ್ಮ’ ಎನ್ನುವಲ್ಲಿ ತುಟಿ ಆಡಿಸುತ್ತಿದ್ದಳು, ಇಡೀ ಕಾಗದ ಅವಳಿಗೆ ಬಾಯಿಪಾಠವಾಗಿತ್ತು.

ಮಣ್ಣು ಮಾಡುವುದನ್ನು ಮರ್ಯಾದೆಯಿಂದ ಮಾಡಿದ್ದೇನೆ. ನಿನ್ನಪ್ಪನ ದೊಡ್ಡ ಮನೆಯ ಮುಂದಿನ ಬಾಗಿಲಿನಿಂದಲೇ ಹೆಣ ಹೊರಟಿತು. ಊರಿಗೆ ಊರೇ ಬಂದಿತ್ತು, ಎಲ್ಲರೂ ಪೆಟ್ಟಿಗೆಯ ಬಳಿ ಬಗ್ಗಿ ಅವಳಿಗೆ ಗುಡ್ ಮಾರ್ನಿಂಗ್ ಹೇಳಿದರು.

ಈಗ ಮುಖ್ಯ ವಿಷಯ. ನಾನು ಕುಳಿತು ಯೋಚಿಸಿದೆ. ನರ್ಸ್ ಮೇ ತಿಂಗಳಲ್ಲಿ ಮಗು ಎಂದಳು, ಸೆಪ್ಟೆಂಬರಿನಲ್ಲಿ ಮಗು ಇರಲಿಲ್ಲ. ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ಕಲಿತವಳು ತಪ್ಪು ಹೇಳುವುದಿಲ್ಲ. ಹಾಗಾದರೆ ನಡುವೆ ಯಾರೋ ಮಾಟ ಮಾಡಿ ಮಗುವನ್ನು ಗಡ್ಡೆ ಮಾಡಿದ್ದಾರೆ. ನನಗೆ ಮಾಸ್ ಡಡ್ಲಿಯ ಹೆಂಡತಿಯ ಮೇಲೆ ಅನುಮಾನ. ಅದಕ್ಕೇ ಅನ್ಯಾಯವಾಗಿ ಸತ್ತವರಿಗೆ ಮಾಡುವುದನ್ನು ಮಾಡಿದೆ. ಪೆಟ್ಟಿಗೆ ಮುಚ್ಚುವ ಮುಂಚೆ, ಎಲ್ಲರೂ ನೋಡುತ್ತಿರುವಾಗ, ಅಲ್ವಾನನ ಕ್ಷೌರದ ಕತ್ತಿಯನ್ನು ಬಿಚ್ಚಿ ನಿನ್ನಮ್ಮನ ಬಲಗೈಯಲ್ಲಿಟ್ಟೆ. “ಸಿಸ್ಲಿನ್, ನಿನ್ನ ಹೀಗ್ ಮಾಡ್ದೋರು ಯಾರು ಅಂತ ನಿನಗೆ ತಿಳಿದ ದಿನ ಎದ್ದು ಬಾ” ಎಂದು ಕಿವಿಯಲ್ಲಿ ಹೇಳಿದೆ. ಯಾರಿಗೆ ಎದೆ ಹೊಡೆದುಕೊಳ್ಳಬೇಕೋ ಅವರಿಗೆ ಹೊಡೆದುಕೊಳ್ಳಲಿ. ನನಗೇಕೆ ಭಯ, ನಾನು ನರ್ಸ್ ಹೇಳಿದಂತೆ ನಡೆದವಳು. ನೀನಂತೂ ಹೊಟ್ಟೆಯಲ್ಲಿ ಹುಟ್ಟಿದ ಮಗಳು, ನಿನಗೆ ಯಾವ ಭಯವೂ ಇಲ್ಲ.

ಬೆಚ್ಚಗಿರು.

ಯೂಡೋರಾ ಅತ್ತೆ


ಬರ್ಮಿಂಗ್‌ಹ್ಯಾಮ್
11 ಅಕ್ಟೋಬರ್ 1959

ಅತ್ತೆ,

ನಾನು ನರ್ಸ್ ಅಲ್ಲ.

ಎಂದೂ ಆಗಿರಲಿಲ್ಲ. ಮೂರು ವರ್ಷದಿಂದ ಆಸ್ಪತ್ರೆಯ ನೆಲ ಒರೆಸುತ್ತಿದ್ದೇನೆ. ತರಬೇತಿಗೆ ಅರ್ಜಿ ಹಾಕಿದ್ದೆ, ತೆಗೆದುಕೊಳ್ಳಲಿಲ್ಲ. ಅಷ್ಟರಲ್ಲಿ ಪಾಸ್ಟರು ಪ್ರಾರ್ಥನೆಯಲ್ಲಿ ನನ್ನ ಹೆಸರು ಹೇಳತೊಡಗಿದ್ದರು, ಅಮ್ಮ ಗೋಡೆಗೆ ಮೊಳೆ ಹೊಡೆದಿದ್ದಳು. ಹೇಳಲು ಬಾಯಿ ಬರಲಿಲ್ಲ. ಮೇ ತಿಂಗಳಲ್ಲಿ ನೀವು ಕೇಳಿದಾಗ ಒಬ್ಬ ನಿಜವಾದ ನರ್ಸನ್ನು ಕೇಳಬಹುದಿತ್ತು. ನಾನು ಬಕೆಟ್ಟು ಹಿಡಿದು ಓಡಾಡುವ ಅದೇ ವಾರ್ಡಿನಲ್ಲಿ ಆರು ಜನ ಇದ್ದರು. ನಾಚಿಕೆಗೆ ಕೇಳಲಿಲ್ಲ. ಮಗು ಎಂದು ಬರೆದುಬಿಟ್ಟೆ. ನಿಮ್ಮೆಲ್ಲರ ದೆವ್ವಗಳನ್ನು ಒಂದೇ ಏಟಿಗೆ ಸೋಲಿಸಿದೆ ಎಂದು ಹೆಮ್ಮೆಯೂ ಪಟ್ಟೆ.

ಇನ್ನೂ ಇದೆ. ಜೂನ್ ಕೊನೆಯಲ್ಲಿ ಅಮ್ಮನ ವಯಸ್ಸಿನ ಹೆಂಗಸೊಬ್ಬಳನ್ನು ವಾರ್ಡಿಗೆ ತಂದರು. ಅದೇ ಹೊಟ್ಟೆ, ಅದೇ ಹಳದಿ ಕಣ್ಣು. ಮನೆಯವರು ಬಸಿರೆಂದು ತಿಳಿದಿದ್ದರಂತೆ. ಅದು ಗಡ್ಡೆ. ಎರಡು ತಿಂಗಳು ಮುಂಚೆ ಬಂದಿದ್ದರೆ ತೆಗೆದುಬಿಡಬಹುದಿತ್ತು ಎಂದು ಡಾಕ್ಟರು ಹೇಳುವಾಗ ನಾನು ಅವರ ಕಾಲಬುಡದಲ್ಲೇ ನೆಲ ಒರೆಸುತ್ತಿದ್ದೆ. ಆ ದಿನವೇ ತಂತಿ ಕೊಡಬೇಕಿತ್ತು. ಕೊಟ್ಟರೆ ನರ್ಸ್ ಹೇಳಿದ್ದು ಹೇಗೆ ತಪ್ಪಾಯಿತು ಎಂದು ನೀವು ಕೇಳುತ್ತಿದ್ದಿರಿ. ಎರಡು ತಿಂಗಳು ಸುಮ್ಮನಿದ್ದೆ. ಕೊನೆಗೆ ಬರೆದಾಗಲೂ ಅವಸರವೇನಿಲ್ಲ ಎಂದು ಬರೆದೆ.

ಅಮ್ಮನನ್ನು ನಾನು ಕೊಂದೆ. ಆದರೆ ನಾನೊಬ್ಬಳೇ ಅಲ್ಲ ಅತ್ತೆ. ನಾನು ನೋಡಿರಲಿಲ್ಲ, ನೀವು ನೋಡಿದ್ದಿರಿ. ಹೊಟ್ಟೆ ಎಂದು ಬರೆದಿರಿ, ಗುಡ್ ಮಾರ್ನಿಂಗ್ ಹೇಳಲಿಲ್ಲ ಎಂದು ಬರೆದಿರಿ. ಹಳದಿ ಕಣ್ಣು ಬರೆಯಲಿಲ್ಲ, ರಕ್ತ ಬರೆಯಲಿಲ್ಲ. ಅವಳು ಸೊಂಟ ಹಿಡಿದುಕೊಂಡು ನಡೆದದ್ದು ನೋವಿಗೆ, ನಿಮಗೆ ಅದು ರಾಣಿಯ ನಡಿಗೆಯಾಗಿ ಕಂಡಿತು. ಸಾಯುತ್ತಿದ್ದವಳನ್ನು ಸೋರುವ ತಗಡಿನ ಕೆಳಗೆ ಹಾಕಿದಿರಿ. ಮಿಸ್ ಜೆಮೈಮ ಸರಿಯಾಗಿ ಹೇಳಿದ್ದಳು, ನಿಮಗದು ಗೊತ್ತಿತ್ತು. ಆದರೆ ಬಸಿರೆಂದರೆ ಅವಳನ್ನು ಹೊರಗೆ ಹಾಕಬಹುದಿತ್ತು, ನಿಮಗೆ ಅದು ಬೇಕಿತ್ತು.

ಮಾಸ್ ಡಡ್ಲಿಯ ಹೆಂಡತಿಯನ್ನು ಬಿಟ್ಟುಬಿಡಿ. ಈ ಪತ್ರವನ್ನು ಅಂಗಳದಲ್ಲಿ ಓದಿ. ಮದುವೆ ಮುರಿದಿದೆ, ಲಿಂಡನ್‌ಗೆ ನಾನೇ ಎಲ್ಲ ಹೇಳಿದೆ.

ಈ ಸಲ ನಿಮ್ಮ ಆರೋಗ್ಯ ವಿಚಾರಿಸುವುದಿಲ್ಲ.

ವೆರೋನಾ


ಪೇಷನ್ಸ್ ಹಿಲ್
8 ನವೆಂಬರ್ 1959

ವೆರೋನಾ,

ನಿನ್ನ ಪತ್ರ ಬಂತು. ಅಂಗಳದಲ್ಲಿ ಓದಲಿಲ್ಲ. ಪಾಸ್ಟರಿಗೂ ತೋರಿಸಲಿಲ್ಲ. ಭಾನುವಾರ ಮಧ್ಯಾಹ್ನ ಒಬ್ಬಳೇ ಗೋರಿಯ ಹತ್ತಿರ ಹೋಗಿ, ಕೊಡೆ ಹಿಡಿದು ಕುಳಿತು, ನಿನ್ನಮ್ಮನಿಗೆ ಓದಿ ಹೇಳಿದೆ. ಅವಳಿಗೆ ಬಂದ ಪತ್ರಗಳನ್ನು ಯಾವಾಗಲೂ ಓದಿದವಳು ನಾನೇ. ನಿನ್ನ ನೆಲ ಒರೆಸುವ ಕೆಲಸ ಓದಿದೆ, ಸುಮ್ಮನಿದ್ದ ಎರಡು ತಿಂಗಳನ್ನು ಓದಿದೆ. ನನ್ನ ಮೇಲೆ ನೀನು ಬರೆದದ್ದನ್ನೂ ಓದಿದೆ, ಒಂದು ಸಾಲೂ ಬಿಡಲಿಲ್ಲ. ಓದುವಾಗ ಬಿಡುವುದು ನನ್ನ ಅಭ್ಯಾಸವಲ್ಲ, ಬರೆಯುವಾಗಲಷ್ಟೇ ಬಿಟ್ಟೆ. ಓದಿ ಮುಗಿಸಿದ ಮೇಲೆ ತಿಳಿಯಿತು, ಯಾರು ಮಾಡಿದ್ದೆಂದು ತಿಳಿದ ದಿನ ಎದ್ದು ಬಾ ಎಂದು ಅವಳಿಗೆ ಹೇಳಿದವಳೂ ನಾನೇ ಎಂದು.

ಆ ದಿನದಿಂದ ಹೊಸ್ತಿಲಿಗೆ ಉಪ್ಪು ಹಾಕುತ್ತಿದ್ದೇನೆ. ಕನ್ನಡಿಯನ್ನು ಗೋಡೆಗೆ ಮುಖ ಮಾಡಿಟ್ಟಿದ್ದೇನೆ. ಹಗಲಲ್ಲೂ ಹಳೆಯ ಅಡುಗೆಮನೆಯ ಕಡೆ ಹೋಗುವುದಿಲ್ಲ. ಯಾರ ಹೆಸರನ್ನೂ ಹೇಳದೆ ಮಿಸ್ ಜೆಮೈಮಳನ್ನು ಕೇಳಿದೆ, “ಸತ್ತೋರ ಕೈಲಿ ಒಂದು ಕತ್ತಿ ಇದ್ದು, ಮಾಡ್ದೋರು ಇಬ್ಬರಿದ್ರೆ?” ಎಂದು. ಅವಳು ನನ್ನ ಹೊಸ್ತಿಲಿನ ಉಪ್ಪು ನೋಡಿದಳು. “ಯಾರು ಹತ್ರ ಇರ್ತಾರೋ ಅವ್ರು” ಎಂದು ಹೇಳಿ, ಗುಡ್ ಮಾರ್ನಿಂಗ್ ಕೂಡ ಹೇಳದೆ ಹೋದಳು.

ಸತ್ತವರು ಉಪ್ಪುನೀರು ದಾಟುವುದಿಲ್ಲ, ನಿನಗದು ಗೊತ್ತು. ನೀನು ಸಮುದ್ರದ ಆಚೆ ಇರುವಷ್ಟು ದಿನ ನಿನ್ನ ಕೂದಲೂ ಕೊಂಕದು. ಅವಳ ಕೈಗೆ ಸಿಗುವಂತೆ ಇಲ್ಲಿರುವವಳು ನಾನೊಬ್ಬಳೇ. ಇದು ನ್ಯಾಯವಲ್ಲ. ಆರಿಸಿಕೊಳ್ಳಲು ಅವಳಿಗೆ ಇಬ್ಬರೂ ಎದುರಿಗಿರಬೇಕು.

ಹಡಗಿನ ಟಿಕೆಟ್ ಮಾಡಿಸಿಕೋ. ನಾನು ಬಂದರಿನಲ್ಲಿ ಕಾಯುತ್ತೇನೆ. ನಿನ್ನಮ್ಮನ ಮಂಚವನ್ನು ದೊಡ್ಡ ಮನೆಗೆ ತಂದು ಹಾಕಿಸಿದ್ದೇನೆ, ನೀನು ಅದರ ಮೇಲೆ ಮಲಗಬಹುದು. ಊರಿಗೆ ಬಾ.

ಯೂಡೋರಾ